ಹಳೇ ಲ್ಯಾಪ್‌ಟಾಪ್‌ಗೆ ಸಿನಮನ್ನಾ, ಎಕ್ಸ್‌ಎಫ್‌ಸಿಇನಾ?

4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್‌ನ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಯಾವ ಆವೃತ್ತಿ ಹಾಕಬೇಕು, ಕನ್ನಡ ಟೈಪ್ ಮಾಡಬಹುದಾ ಅಂತ ಕೇಳಿದ್ದೀರಿ. ಸಿನಮನ್, ಎಕ್ಸ್‌ಎಫ್‌ಸಿಇ ಎರಡೂ ಅದರ ಡೆಸ್ಕ್‌ಟಾಪ್‌ಗಳು, ಅಂದರೆ ಪರದೆಯ ಮೇಲಿನ ಮೆನು, ಕಿಟಕಿಗಳ ರೂಪ. ನನ್ನ ಓಟು ಹಗುರವಾದ ಎಕ್ಸ್‌ಎಫ್‌ಸಿಇಗೆ. ಸಿನಮನ್ ನೋಡಲು ಚೆಂದ, 4 ಜಿಬಿಯಲ್ಲಿ ಓಡುತ್ತದೆ ಕೂಡ. ಆದರೆ ರ‍್ಯಾಮ್ ಜಾಸ್ತಿ ತಿನ್ನುವುದು ಬ್ರೌಸರ್ ಅಲ್ವಾ, ಅದಕ್ಕೆ ಉಳಿಸಿದಷ್ಟೂ ಒಳ್ಳೆಯದು. ಹಾರ್ಡ್ ಡಿಸ್ಕ್ ಇನ್ನೂ ತಿರುಗುವ ತರದ್ದಾದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ. ಡೆಸ್ಕ್‌ಟಾಪ್ ಬದಲಿಸುವುದಕ್ಕಿಂತ ಅದರಿಂದಲೇ ವೇಗ ಜಾಸ್ತಿ.

ಕನ್ನಡಕ್ಕೆ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಜೊತೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕೆಜಿಪಿ ಕೀಲಿಮಣೆ ಆರಿಸಿ. ನುಡಿ ತಂತ್ರಾಂಶದಲ್ಲಿರುವುದೂ ಇದೇ ಕೀಲಿಮಣೆ, ಅದರಲ್ಲಿ ಕೈ ಪಳಗಿದ್ದರೆ ಹೊಸದಾಗಿ ಕಲಿಯುವುದೇನೂ ಇಲ್ಲ. ಹಾಕಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ನಾನು ಅದನ್ನು ಮರೆತು ಸುಮ್ನೆ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಇನ್‌ಸ್ಟಾಲ್ ಮಾಡುವ ಮುಂಚೆ ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ವೈಫೈ ಸಿಗುತ್ತದಾ ನೋಡಿಕೊಳ್ಳಿ.