ಹೊಸ ಡೌನ್‌ಹಿಲ್ ಸೈಕಲ್, ಕೈ ಮಾತ್ರ ನೋವು

ಪ್ರಶ್ನೆ: ಹಿಂದೆ-ಮುಂದೆ 200 ಮಿ.ಮೀ. ಸಸ್ಪೆನ್ಶನ್ ಇರುವ ಡೌನ್‌ಹಿಲ್ ಸೈಕಲ್ ತಂದಿದ್ದೇನೆ. ನನ್ನ ತೂಕ 70 ಕೆ.ಜಿ. ಗದಗದ ಹತ್ತಿರ ಕಲ್ಲಿನ ಇಳಿಜಾರಿನಲ್ಲಿ ಓಡಿಸಿದರೆ ಹ್ಯಾಂಡಲ್ ಒದೆಯುತ್ತದೆ, ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ಅಂಗಡಿಯವರು ಎಲ್ಲಾ ಸೆಟ್ ಆಗಿದೆ ಅಂದರು.
— ಒಬ್ಬ ಓದುಗ, ಗದಗ

ಉತ್ತರ: ಅಂಗಡಿಯವರಿಗೆ ನಿಮ್ಮ ತೂಕ ಗೊತ್ತಿರಲಿಲ್ಲ, ಅಲ್ವಾ? ಮೊದಲು ಸ್ಯಾಗ್ ನೋಡಿ. ಹೆಲ್ಮೆಟ್, ಪ್ಯಾಡ್, ನೀರು ಎಲ್ಲಾ ಹಾಕಿಕೊಂಡು ಪೆಡಲ್ ಮೇಲೆ ನಿಂತಾಗ ಸಸ್ಪೆನ್ಶನ್ ಎಷ್ಟು ಇಳಿಯುತ್ತದೆ ಅನ್ನುವುದೇ ಸ್ಯಾಗ್. ಹಿಂದಿನ ಶಾಕ್ ಸುಮಾರು 30%, ಮುಂದಿನ ಫೋರ್ಕ್ 15ರಿಂದ 20% ಇಳಿಯಬೇಕು, ಅಂದರೆ ನಿಮ್ಮ ಫೋರ್ಕಿನಲ್ಲಿ 30–40 ಮಿ.ಮೀ. ಶಾಕ್ ಅಳೆಯುವಾಗ ಅದರ ರಾಡ್ ಚಲಿಸುವ ಉದ್ದದ ಲೆಕ್ಕ ಹಿಡಿಯಿರಿ, ಚಕ್ರ ಚಲಿಸುವ 200 ಮಿ.ಮೀ. ಅಲ್ಲ. ಗಾಳಿಯ ಶಾಕ್ ಆದರೆ ಶಾಕ್ ಪಂಪ್ ಬೇಕು, ಸೈಕಲ್ ಅಂಗಡಿಯ ಪಂಪ್ ನಡೆಯುವುದಿಲ್ಲ. ಸ್ಪ್ರಿಂಗ್ ಇದ್ದು ಜಾಸ್ತಿ ಕುಸಿಯುತ್ತಿದ್ದರೆ ಸ್ಪ್ರಿಂಗನ್ನೇ ಬದಲಿಸಿ, ಸುಮ್ನೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ರಿಂಗ್) ಬಿಗಿಯುತ್ತಾ ಕೂರಬೇಡಿ.

ಒದೆತ ರಿಬೌಂಡ್‌ನದು, ಅಂದರೆ ಕುಸಿದ ಸಸ್ಪೆನ್ಶನ್ ವಾಪಸ್ ಮೇಲೇಳುವ ವೇಗದ್ದು. ಅದರ ತಿರುಪನ್ನು ನಿಧಾನ ಕಡೆಗೆ ಒಂದೊಂದೇ ಕ್ಲಿಕ್ ತಿರುಗಿಸಿ, ಅದೇ 50 ಮೀಟರ್ ಇಳಿಜಾರಿನಲ್ಲಿ ಮತ್ತೆ ಮತ್ತೆ ಇಳಿದು ನೋಡಿ. ತೀರಾ ನಿಧಾನವಾದರೆ ಸಾಲು ಕಲ್ಲುಗಳಲ್ಲಿ ಸಸ್ಪೆನ್ಶನ್ ಮೇಲೇಳದೆ ಕುಸಿದೇ ಉಳಿಯುತ್ತದೆ. ಟ್ಯೂಬ್‌ಲೆಸ್ ದಪ್ಪ ಟೈರಿಗೆ ಮುಂದೆ 24, ಹಿಂದೆ 27 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್ ಇದ್ದರೆ ಸ್ವಲ್ಪ ಹೆಚ್ಚಿಸಿ, ಇಲ್ಲವಾದರೆ ಕಲ್ಲಿಗೆ ಬಡಿದು ಪಂಕ್ಚರ್ ಗ್ಯಾರಂಟಿ.

ಹೊಸ ಡಿಸ್ಕ್ ಬ್ರೇಕ್ ಪಳಗಬೇಕು. ವೇಗವಾಗಿ ಹೋಗಿ, ಚಕ್ರ ಲಾಕ್ ಆಗದಂತೆ ಗಟ್ಟಿಯಾಗಿ ಹಿಡಿದು ನಿಧಾನ ಮಾಡಿ. ಒಂದೊಂದು ಬ್ರೇಕಿಗೂ 20 ಸಲ.

ಅಂದಹಾಗೆ, ನಿಮ್ಮ ಗದಗ ಕಡೆಯ ಕಪ್ಪತಗುಡ್ಡ ವನ್ಯಜೀವಿ ಧಾಮ. ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ಸೈಕಲ್ ಇಳಿಸಬೇಡಿ.