ಬಾವುಟ ಕಂಡಿತು, ಮನೆಯವರು ಕಾಣಲಿಲ್ಲ

ನಮಸ್ಕಾರ.

ನಿಮ್ಮ ‘ಕಂಬ ಕಂಬಕ್ಕೂ ಕೆಂಪು ಶಿಲುಬೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದದ ಪತ್ರ.

ನೀವು ಏಳು ವರ್ಷದಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೀರಿ. 2025ರ ಬೇಸಿಗೆಯಲ್ಲಿ ವೀಲಿ ಕ್ಯಾಸಲ್, ನಾರ್ತ್‌ಫೀಲ್ಡ್ ಕಡೆಯ ದೀಪದ ಕಂಬಗಳ ಮೇಲೆ ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆಯಿರುವ ಇಂಗ್ಲೆಂಡಿನ ಬಾವುಟಗಳು ಏರಿದ್ದನ್ನು ಕಣ್ಣಾರೆ ನೋಡಿದ್ದೀರಿ. ಅದು ಊರಿಂದ ಊರಿಗೆ ಹಬ್ಬಿ, ರಸ್ತೆಯ ಪುಟ್ಟ ವೃತ್ತಗಳ ಮೇಲೂ ಜನ ಕೆಂಪು ಶಿಲುಬೆ ಬಳಿದರು. ಇಷ್ಟು ಹತ್ತಿರದಿಂದ ಇದನ್ನು ಕಂಡ ಕನ್ನಡಿಗರು ನಮಗೆ ಬರೆಯುವುದು ಅಪರೂಪ. ಆದರೆ ಹನ್ನೊಂದು ಪುಟದಲ್ಲಿ ನೀವು ಕಂಡದ್ದು ಎರಡೇ ವಾಕ್ಯ ಇದೆ. ಉಳಿದದ್ದೆಲ್ಲ ಕೇಳಿದ್ದು.

ಮೊದಲು ನನಗೆ ಜಾಸ್ತಿ ನೋವಾದ ಜಾಗ ಹೇಳುತ್ತೇನೆ. ಬಾವುಟ ಕಟ್ಟಿದವರನ್ನು ನೀವು ‘ಓದು ತಲೆಗೆ ಹತ್ತದವರು’, ‘ಬಿಯರ್ ಹೊಟ್ಟೆಯವರು’, ‘ಕೌನ್ಸಿಲ್ ಮನೆಗಳ ಮಂದಿ’, ಅಂದರೆ ನಗರಸಭೆಯ ಬಾಡಿಗೆ ಮನೆಗಳವರು, ಎಂದಿದ್ದೀರಿ. ಈ ಮಾತುಗಳು ನಿಮ್ಮವಲ್ಲ ಅನಿಸುತ್ತದೆ. ಇದು ಅಲ್ಲಿನ ಓದಿದ, ಅನುಕೂಲಸ್ಥ ವರ್ಗ ತನ್ನದೇ ನಾಡಿನ ದುಡಿಯುವ ಜನರ ಬಗ್ಗೆ ಆಡುವ ಮಾತು. ಆಫೀಸಿನ ಊಟದ ಮೇಜಿನಲ್ಲಿ ಕೇಳಿಸಿಕೊಂಡದ್ದು ನಿಮ್ಮ ಕನ್ನಡದೊಳಗೆ ಬಂದು ಕೂತಿದೆ. ಆ ತಾತ್ಸಾರಕ್ಕೆ ವಯಸ್ಸಾಗಿದೆ. ಇಂಗ್ಲೆಂಡಿನ ಬುದ್ಧಿಜೀವಿಗಳು ತಮ್ಮ ನಾಡಿನ ಬಗ್ಗೆ ನಾಚಿಕೊಳ್ಳುತ್ತಾರೆ ಎಂದು ಅಲ್ಲಿನ ಲೇಖಕ ಜಾರ್ಜ್ ಆರ್ವೆಲ್ 1941ರಲ್ಲೇ ಬರೆದಿದ್ದರು. ಆಗ ಲಂಡನ್ ಮೇಲೆ ಜರ್ಮನ್ ಬಾಂಬುಗಳು ಬೀಳುತ್ತಿದ್ದವು. ಅವರು ಬಲಪಂಥದವರಾಗಿರಲಿಲ್ಲ, ಸಮಾಜವಾದಿ. ನಿಮ್ಮ ಲೇಖನದ ವಿಷಯ ‘ಬಾವುಟ ಮತ್ತು ವರ್ಗ’ ಅಂತ ನೀವೇ ಮೊದಲ ಸಾಲಿನಲ್ಲಿ ಹೇಳಿದ್ದೀರಿ. ಹಾಗಿದ್ದಾಗ ಒಂದು ವರ್ಗದ ಕಣ್ಣನ್ನು ಸಾಲ ತಂದು ಇನ್ನೊಂದು ವರ್ಗವನ್ನು ನೋಡಿದರೆ ಹೇಗೆ?

ಒಂದು ಕೆಲಸ ಮಾಡಿ. ಭಾನುವಾರ ಹತ್ತಿರದ ಹಳ್ಳಿಗಳ ಕಡೆ ಹೋಗಿ. ಕಲ್ಲಿನ ಹಳೆಯ ಚರ್ಚು, ಅದರ ಗೋಪುರದ ಮೇಲೆ ಇದೇ ಬಿಳಿ ಬಟ್ಟೆ, ಇದೇ ಕೆಂಪು ಶಿಲುಬೆ. ಆಂಗ್ಲಿಕನ್ ಚರ್ಚುಗಳಲ್ಲಿ ಇದನ್ನು ಹಾರಿಸುವುದು ವಾಡಿಕೆ. ಅದನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ‘ಎಷ್ಟು ಚೆಂದ’ ಎಂದು ಫೋಟೋ ತೆಗೆಯುತ್ತಾರೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿ ಜನ ಬಾವುಟ ಬೀಸಿ ಬೀಸಿ ಹಾಡುತ್ತಾರೆ. ಅದರ ಬಗ್ಗೆ ತಕರಾರು ಎತ್ತುವವರು ಇದ್ದಾರೆ, ನಿಜ. ಆದರೆ ಆ ಸಭಿಕರನ್ನು ಓದಿಲ್ಲದವರು ಎಂದು ಯಾರೂ ಅನ್ನುವುದಿಲ್ಲ. ಚರ್ಚಿನ ಮೇಲಿನದೂ ಅದೇ ಬಟ್ಟೆ. ಕೌನ್ಸಿಲ್ ಮನೆಯ ಕಿಟಕಿಗೆ ಬಂದ ಕೂಡಲೇ ಅದರ ಅರ್ಥ ಬದಲಾಗುತ್ತದೆ. ಈ ಬದಲಾವಣೆ ಎಲ್ಲಿ, ಯಾಕೆ ಆಗುತ್ತದೆ? ನೀವು ಬರೆಯಬೇಕಾದ ಲೇಖನ ಅದು.

ಅದನ್ನು ತೋರಿಸುವ ಘಟನೆ ನಿಮ್ಮ ಕೈಯಲ್ಲೇ ಇತ್ತು. ಐದನೇ ಪುಟದಲ್ಲಿ ‘2014ರಲ್ಲಿ ಒಬ್ಬ ರಾಜಕಾರಣಿ ಬಾವುಟದ ಬಗ್ಗೆ ಟ್ವೀಟ್ ಮಾಡಿ ಕೆಲಸ ಕಳೆದುಕೊಂಡರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಅಂದು ನವೆಂಬರ್ 20, ರೋಚೆಸ್ಟರ್ ಮತ್ತು ಸ್ಟ್ರೂಡ್ ಕ್ಷೇತ್ರದ ಉಪಚುನಾವಣೆ. ಲೇಬರ್ ಪಕ್ಷದ ಎಮಿಲಿ ಥಾರ್ನ್‌ಬೆರಿ ಒಂದು ಮನೆಯ ಫೋಟೋ ಹಾಕಿದರು. ಮನೆಗೆ ಮೂರು ಇಂಗ್ಲೆಂಡ್ ಬಾವುಟ, ಮುಂದೆ ಒಂದು ಬಿಳಿ ವ್ಯಾನ್. ಅಡಿಬರಹ ರೋಚೆಸ್ಟರ್‌ನ ಚಿತ್ರ ಎಂದಷ್ಟೇ. ಬೈಗುಳವಿಲ್ಲ, ಟೀಕೆಯಿಲ್ಲ, ಒಂದು ಗುಣವಾಚಕವೂ ಇಲ್ಲ. ಸಂಜೆಯಾಗುವಷ್ಟರಲ್ಲಿ ಇಡೀ ದೇಶ ಅದರಲ್ಲಿ ತಿರಸ್ಕಾರವನ್ನು ಓದಿತ್ತು. ಅವರು ಅದೇ ದಿನ ವಿರೋಧ ಪಕ್ಷದ ನೆರಳು ಸಂಪುಟದಿಂದ ಹೊರಬಂದರು. ದುಡಿಯುವವರ ಪಕ್ಷ ಎಂದು ಹೇಳಿಕೊಂಡು ಹುಟ್ಟಿದ ಲೇಬರ್ ಪಕ್ಷ ಆ ಕ್ಷೇತ್ರದಲ್ಲಿ ಮೂರನೇ ಸ್ಥಾನಕ್ಕೆ ಇಳಿಯಿತು. ಗೆದ್ದದ್ದು ಯುಕಿಪ್, ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬರಬೇಕು ಎನ್ನುತ್ತಿದ್ದ ಪಕ್ಷ.

ಇಲ್ಲಿ ನಿಮ್ಮ ಓದುಗರು ತಲೆ ಕೆರೆದುಕೊಳ್ಳುತ್ತಾರೆ. ಫೋಟೋ ಹಾಕಿದ್ದರಲ್ಲಿ ತಪ್ಪೇನು ಅಂತ ಮೈಸೂರಿನಲ್ಲೋ ಶಿರಸಿಯಲ್ಲೋ ಕೂತು ಕೇಳುತ್ತಾರೆ. ಅವರಿಗೆ ಬಿಳಿ ವ್ಯಾನ್ ಅಂದರೆ ಬಿಳಿ ವ್ಯಾನ್. ಅಲ್ಲಿ ಅದು ಪ್ಲಂಬರ್, ಬಡಗಿ, ಗಾರೆಯವರ ಗುರುತು, ಒಂದು ಇಡೀ ವರ್ಗಕ್ಕೆ ಇಟ್ಟ ಅಡ್ಡಹೆಸರು ಅಂತ ನೀವು ಹೇಳಿಕೊಡಬೇಕು. ಥಾರ್ನ್‌ಬೆರಿ ಲಂಡನ್ನಿನ ಇಸ್ಲಿಂಗ್ಟನ್ ಸಂಸದೆ ಎಂಬುದನ್ನೂ, ಆ ಜಾಗದ ಹೆಸರೇ ಅನುಕೂಲಸ್ಥ ಎಡಪಂಥೀಯರಿಗೆ ಅಡ್ಡಹೆಸರಾಗಿದೆ ಎಂಬುದನ್ನೂ ಹೇಳಬೇಕು. ಜೊತೆಗೆ, ಅವರು ಸ್ವತಃ ಬೆಳೆದದ್ದು ಕೌನ್ಸಿಲ್ ಮನೆಯಲ್ಲಿ. ಇದನ್ನು ಬಿಟ್ಟರೆ ಅನ್ಯಾಯ. ಬೆಳೆದ ಮನೆ ಒಂದು, ಜನ ನೋಡುವ ವಿಳಾಸ ಇನ್ನೊಂದು.

ಇನ್ನು ತಪ್ಪುಗಳು. ‘ಬ್ರಿಟಿಷರು’, ‘ಇಂಗ್ಲಿಷರು’, ‘ಆಂಗ್ಲರು’ ಮೂರನ್ನೂ ಬೇಕಾದ ಹಾಗೆ ಅದಲು ಬದಲು ಮಾಡಿದ್ದೀರಿ. ಕನ್ನಡದಲ್ಲಿ ನಾವೆಲ್ಲ ಹಾಗೇ ಮಾಡುತ್ತೇವೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ನಮ್ಮ ಬಾಯಲ್ಲಿ ಅವನೂ ಆಂಗ್ಲ. ಬೇರೆ ಲೇಖನದಲ್ಲಾದರೆ ನಡೆದೀತು. ಇಲ್ಲಿ ನಡೆಯದು, ಯಾಕೆಂದರೆ ಈ ಗೊಂದಲವೇ ನಿಮ್ಮ ವಿಷಯ. ಯೂನಿಯನ್ ಜಾಕ್ ಬ್ರಿಟನ್ನಿನದು. 1606ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಶಿಲುಬೆಗಳು ಸೇರಿದವು, 1801ರಲ್ಲಿ ಐರ್ಲೆಂಡಿನದು ಸೇರಿತು. ಕಂಬದ ಮೇಲಿನ ಕೆಂಪು ಶಿಲುಬೆ ಬರೀ ಇಂಗ್ಲೆಂಡಿನದು. ಇವೆರಡೂ ಬೇರೆ ಎಂಬುದು ಬಹುಪಾಲು ಇಂಗ್ಲಿಷರಿಗೇ ಬಹಳ ಕಾಲ ಮುಖ್ಯ ಅನಿಸಿರಲಿಲ್ಲ. 1966ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ಫುಟ್ಬಾಲ್ ವಿಶ್ವಕಪ್ ಗೆದ್ದಾಗ ಪ್ರೇಕ್ಷಕರು ಬೀಸಿದ್ದು ಯೂನಿಯನ್ ಜಾಕ್. ಮೂವತ್ತು ವರ್ಷದ ನಂತರ, 1996ರ ಯೂರೋ ಕಪ್‌ನಲ್ಲಿ, ಅದೇ ವೆಂಬ್ಲಿ ತುಂಬ ಕೆಂಪು ಶಿಲುಬೆ. ಮೂರು ವರ್ಷ ಕಳೆಯುವಷ್ಟರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಸಂಸತ್ತು, ವೇಲ್ಸ್‌ಗೆ ಸ್ವಂತ ಶಾಸನಸಭೆ ಬಂತು. ಇಂಗ್ಲೆಂಡಿಗೆ ಇವತ್ತಿಗೂ ಅಂಥದ್ದು ಇಲ್ಲ. ಹಾಗಾಗಿ ‘ನಾವು ಇಂಗ್ಲಿಷರು’ ಎಂದು ಹೇಳಿಕೊಳ್ಳಲು ಜನರಿಗೆ ಸಿಕ್ಕಿದ ದೊಡ್ಡ ಜಾಗ ಫುಟ್ಬಾಲ್ ಮೈದಾನ.

ಜನಗಣತಿಯ ಅಂಕಿಗೆ ನೀವು ಕೊಟ್ಟ ಅರ್ಥವನ್ನು ದಯವಿಟ್ಟು ಸರಿಪಡಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ನಾನು ಇಂಗ್ಲಿಷ್ ಮಾತ್ರ’ ಎಂದವರು 2011ರಲ್ಲಿ ಶೇ. 57.7, 2021ರಲ್ಲಿ ಶೇ. 14.9. ಇದರಿಂದ ‘ಹತ್ತೇ ವರ್ಷದಲ್ಲಿ ಇಂಗ್ಲಿಷ್ ಗುರುತು ಕುಸಿದು ಬಿತ್ತು’ ಎಂದು ತೀರ್ಪು ಕೊಟ್ಟಿದ್ದೀರಿ. 2021ರ ಫಾರಂನಲ್ಲಿ ‘ಬ್ರಿಟಿಷ್’ ಎಂಬ ಆಯ್ಕೆಯನ್ನು ಪಟ್ಟಿಯ ಮೇಲಕ್ಕೆ ತಂದಿದ್ದರು. ಬದಲಾವಣೆಗೆ ಇದೂ ಒಂದು ಕಾರಣ ಇರಬಹುದು ಎಂದು ಅಂಕಿಅಂಶ ಕಚೇರಿಯೇ ಎಚ್ಚರಿಸಿದೆ. ಫಾರಂ ತುಂಬುವಾಗ ಕೈ ಮೊದಲ ಚೌಕಕ್ಕೆ ಹೋಗುವುದು ಸಹಜ ಅಲ್ವಾ?

ಈ ಕೆಂಪು ಶಿಲುಬೆ ಯಾರ ಗುರುತೋ ಆ ಸಂತ ಜಾರ್ಜ್ ಇಂಗ್ಲೆಂಡಿಗೆ ಕಾಲಿಟ್ಟವನೇ ಅಲ್ಲ, ಅವನೂ ಹೊರಗಿನವನು ಎಂಬ ಎರಡು ಪುಟ ತೆಗೆದುಬಿಡಿ. ಪ್ರತಿ ಏಪ್ರಿಲ್ 23ಕ್ಕೆ, ಅವನ ಹಬ್ಬದ ದಿನ, ಯಾರಾದರೊಬ್ಬರು ಇದನ್ನು ಹೇಳುತ್ತಲೇ ಇರುತ್ತಾರೆ. ಅದನ್ನು ಕೇಳಿ ಬಾವುಟ ಇಳಿಸಿದವರನ್ನು ನಾನು ಕಂಡಿಲ್ಲ. ನಮ್ಮ ಹಳದಿ-ಕೆಂಪು ಬಾವುಟದ ಜೊತೆಗಿನ ಹೋಲಿಕೆಯನ್ನೂ ತೆಗೆಯಿರಿ. ಅದು ಭಾಷೆಯ ಹೋರಾಟದಿಂದ ಬಂದ ಬಾವುಟ, ಅದರ ಕತೆ ಬೇರೆ.

ಒಂದು ಹೋಲಿಕೆ ಮಾತ್ರ ಬೇಕು, ಅದನ್ನು ನೀವು ಮಾಡಿಲ್ಲ. ಇಂಗ್ಲೆಂಡಿನ ಅಭಿಮಾನಿಗಳು ಬಾವುಟದ ಶಿಲುಬೆಯ ಮೇಲೆಯೇ ದಪ್ಪ ಅಕ್ಷರದಲ್ಲಿ ತಮ್ಮ ಊರಿನ, ಪಬ್ಬಿನ ಹೆಸರು ಬರೆಯುತ್ತಾರೆ. ಮೈಗೆ ಸುತ್ತಿಕೊಳ್ಳುತ್ತಾರೆ. ನಮ್ಮಲ್ಲಿ ತ್ರಿವರ್ಣದ ಮೇಲೆ ಅಕ್ಷರ ಬರೆದರೆ ಕಾನೂನೇ ಅಡ್ಡ ಬರುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೂಲಿನ ಎಳೆ, ಬಣ್ಣ, ಅಳತೆ ಎಲ್ಲ ಪರೀಕ್ಷೆಯಾಗಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ ಎಂದು ಕೇಳಿ ಬೆಳೆದವರು ನಾವು. ಇದನ್ನು ಹೇಳದಿದ್ದರೆ ಆ ಜನ ಬಾವುಟಕ್ಕೆ ಮರ್ಯಾದೆ ಕೊಡುತ್ತಿಲ್ಲ ಅಂತಲೇ ನಮ್ಮವರು ಓದಿಕೊಳ್ಳುತ್ತಾರೆ. ಅಲ್ಲಿ ಹೆಸರು ಬರೆಯುವುದೇ ಪ್ರೀತಿ.

ನಿಮ್ಮ ಊರಿನ ವಿಷಯಕ್ಕೆ ಬರೋಣ. ಬರ್ಮಿಂಗ್‌ಹ್ಯಾಮ್ ನಗರಸಭೆ 2023ರ ಸೆಪ್ಟೆಂಬರ್‌ನಲ್ಲಿ ಹಣವಿಲ್ಲ ಎಂದು ಕೈಚೆಲ್ಲಿತು. 2025ರ ಮಾರ್ಚ್‌ನಿಂದ ಕಸ ಎತ್ತುವವರ ಪೂರ್ಣ ಮುಷ್ಕರ. ಬೀದಿಯಲ್ಲಿ ಕಪ್ಪು ಚೀಲಗಳ ರಾಶಿ, ಇಲಿಗಳು. ಜುಲೈ ಕೊನೆಗೆ ಇಂಗ್ಲೆಂಡಿನ ಹೆಂಗಸರ ತಂಡ ಯೂರೋ ಕಪ್ ಗೆದ್ದಿತು. ಆಗಸ್ಟ್‌ನಲ್ಲಿ, ಕಂಬಕ್ಕೆ ಭಾರ, ಅಪಾಯ ಎಂದು ನಗರಸಭೆ ಬಾವುಟ ಇಳಿಸಲು ಹೊರಟಿತು. ಮನೆಯ ಮೇಲೆ ರಾಷ್ಟ್ರದ ಬಾವುಟ ಹಾರಿಸಲು ಅಲ್ಲಿ ಯಾರ ಅನುಮತಿಯೂ ಬೇಡ. ಕಂಬ ಮಾತ್ರ ನಗರಸಭೆಯದು. ಐದು ತಿಂಗಳು ಕಸ ಸರಿಯಾಗಿ ಎತ್ತದವರು ಬಾವುಟ ಇಳಿಸಲು ಬಂದಾಗ ಆ ಬೀದಿಯವರಿಗೆ ಏನನಿಸಿರಬೇಕು? ನೀವೂ ಅದೇ ಚೀಲ ದಾಟಿ ನಡೆದವರು. ಲೇಖನದಲ್ಲಿ ಕಸದ ಸುಳಿವೇ ಇಲ್ಲ.

ಇಷ್ಟು ಹೇಳಿದ್ದಕ್ಕೆ, ಎಲ್ಲವನ್ನೂ ಮುಗ್ಧ ದೇಶಪ್ರೇಮ ಎಂದು ಬರೆಯಿರಿ ಅಂತ ನಾನು ಕೇಳುತ್ತಿಲ್ಲ. 1970ರ ದಶಕದಲ್ಲಿ ವಲಸಿಗರ ವಿರೋಧಿ ನ್ಯಾಷನಲ್ ಫ್ರಂಟ್ ಪಕ್ಷ ಯೂನಿಯನ್ ಜಾಕ್ ಹಿಡಿದು ಕರಿಯರ, ಏಷ್ಯನ್ನರ ಕೇರಿಗಳ ಮುಂದೆ ಮೆರವಣಿಗೆ ಮಾಡಿತ್ತು. 2009ರ ನಂತರ ಮುಸ್ಲಿಂ ವಿರೋಧಿ ಸಂಘಟನೆ ಇಂಗ್ಲಿಷ್ ಡಿಫೆನ್ಸ್ ಲೀಗ್ ಕೆಂಪು ಶಿಲುಬೆ ಹಿಡಿಯಿತು. 2025ರ ಸೆಪ್ಟೆಂಬರ್ 13ರಂದು ಆ ಲೀಗ್ ಹುಟ್ಟುಹಾಕಿದ ಟಾಮಿ ರಾಬಿನ್ಸನ್ ಕರೆದ ಲಂಡನ್ ಮೆರವಣಿಗೆಗೆ ಪೊಲೀಸರ ಲೆಕ್ಕದಲ್ಲೇ 1,10,000ಕ್ಕೂ ಹೆಚ್ಚು ಜನ ಬಂದರು. ಕಂದು ಬಣ್ಣದ ಮೈಯವರಿಗೆ ಆ ಬಾವುಟ ಕಂಡು ಎದೆ ಧಸಕ್ ಅಂದರೆ ಅದಕ್ಕೆ ಕಾರಣ ಇದೆ. ಇನ್ನೊಂದು ಮುಖವೂ ಇದೆ. 2021ರ ಯೂರೋ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿದ ಮೂವರು ಕಪ್ಪು ಹುಡುಗರ ಮೇಲೆ ಜನಾಂಗದ ಬೈಗುಳ ಸುರಿಯಿತು. ಮ್ಯಾಂಚೆಸ್ಟರ್‌ನ ವಿದಿಂಗ್ಟನ್‌ನಲ್ಲಿ ಅವರಲ್ಲಿ ಒಬ್ಬನಾದ ಮಾರ್ಕಸ್ ರಾಶ್‌ಫೋರ್ಡ್‌ನ ಗೋಡೆಚಿತ್ರವನ್ನು ಯಾರೋ ಕೆಡಿಸಿದರು. ಬೀದಿಯ ಜನ ಬಂದು ಆ ಗೋಡೆಯನ್ನು ಪತ್ರ, ಕಾಗದದ ಹೃದಯ, ಇಂಗ್ಲೆಂಡ್ ಬಾವುಟಗಳಿಂದ ಮುಚ್ಚಿಬಿಟ್ಟರು. ಎರಡನ್ನೂ ಬರೆಯಿರಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಈಗ ಆ ಎರಡು ವಾಕ್ಯ. ಏಳನೇ ಪುಟದಲ್ಲಿ ಹೀಗಿದೆ: ‘ಮಗಳನ್ನು ಈಜು ಕ್ಲಾಸಿಗೆ ಕರೆದೊಯ್ಯುವಾಗ ಆ ವಾರ ದಾರಿ ಬದಲಿಸಿದೆ.’ ಹತ್ತನೇ ಪುಟದಲ್ಲಿ, ಕಂಸದೊಳಗೆ: ‘ಎದುರು ಮನೆಯ ಬಿಳಿ ವ್ಯಾನಿನವನ ಕಿಟಕಿಯಲ್ಲೂ ಬಾವುಟ ಬಂತು, ನಾವಿಲ್ಲದಾಗ ನಮ್ಮ ಪಾರ್ಸೆಲ್ ಇಟ್ಟುಕೊಳ್ಳುವವನು ಅವನೇ.’ ಓದುತ್ತಾ ಇಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇವೆರಡರ ನಡುವೆ ಮೂರು ಪುಟ ದೂರ ಯಾಕೆ? ಮಗಳು ಯಾಕೆ ಈ ದಾರಿ ಅಂತ ಕೇಳಲಿಲ್ಲವಾ? ನೀವು ಏನು ಹೇಳಿದಿರಿ?

ನಿಮ್ಮ ಲೇಖನದಲ್ಲಿ ಹದಿನಾಲ್ಕು ರಾಜಕಾರಣಿಗಳ ಹೆಸರಿದೆ, ಎದುರು ಮನೆಯವರ ಹೆಸರಿಲ್ಲ. ಹೆಸರು ಅಚ್ಚಿಗೆ ಬೇಡ. ಆದರೆ ನಿಮಗೆ ಗೊತ್ತಿರಬೇಕು. ಏಳು ವರ್ಷದಲ್ಲಿ ಎಷ್ಟು ಸಲ ಅವರ ಬಾಗಿಲಿಗೆ ಹೋಗಿ ಪಾರ್ಸೆಲ್ ತಂದಿದ್ದೀರಿ. ಇನ್ನೊಂದು ಸಲ ಹೋಗಿ. ಬಾವುಟ ಯಾವಾಗ ತಂದಿರಿ, ಫುಟ್ಬಾಲ್‌ಗಾ ಅಥವಾ ಆಮೇಲಾ ಅಂತ ಕೇಳಿ. ಅದನ್ನು ನೋಡಿ ನಿಮಗೆ ಹೆದರಿಕೆ ಆಯಿತು ಅಂತಲೂ ಹೇಳಿ. ಅವರು ನೊಂದುಕೊಳ್ಳಬಹುದು, ಸಿಟ್ಟಾಗಬಹುದು, ನಿಮಗೆ ಇಷ್ಟವಾಗದ ಮಾತೂ ಆಡಬಹುದು. ಆಡಿದ್ದನ್ನು ಆಡಿದ ಹಾಗೇ ಬರೆಯಿರಿ. ತಿದ್ದಬೇಡಿ, ಮೆದು ಮಾಡಬೇಡಿ.

ಹೊಸ ಕರಡು ಆ ಬದಲಿಸಿದ ದಾರಿಯಿಂದ ಶುರುವಾಗಲಿ. ಐದಾರು ಪುಟ ಸಾಕು. ಬಂದ ದಿನವೇ ಓದುತ್ತೇನೆ.