ಅಣೆಕಟ್ಟಿನ ತುರ್ತು ಯೋಜನೆಯನ್ನು ಒಮ್ಮೆ ಬರೆದಿಟ್ಟರೆ ಸಾಲದಾ?

ಸಾಲದು. ಜಲವಿದ್ಯುತ್ ಅಣೆಕಟ್ಟಿನ ತುರ್ತು ಯೋಜನೆಯಲ್ಲಿ, ಅಂದರೆ ಅಪಾಯ ಬಂದಾಗ ಯಾರಿಗೆ ತಿಳಿಸಬೇಕು, ಏನು ಮಾಡಬೇಕು ಎಂದು ಬರೆದಿಟ್ಟ ಕಡತದಲ್ಲಿ, ಮೊದಲು ಹಳತಾಗುವುದು ಫೋನ್ ನಂಬರುಗಳು. ಇಂಜಿನಿಯರ್‌ಗೆ ವರ್ಗವಾಗುತ್ತದೆ, ತಹಶೀಲ್ದಾರರು ಬದಲಾಗುತ್ತಾರೆ, ಪಟ್ಟಿ ಮಾತ್ರ ಹಾಗೇ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ (ಹೆಚ್ಚಿನ ನೀರನ್ನು ಹೊರಬಿಡುವ ಬಾಗಿಲು) ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ನಂಬರ್ ಹುಡುಕುತ್ತಾ ಕೂರಲು ಆಗುವುದಿಲ್ಲ, ಅಲ್ವಾ?

ನದಿ ಪಕ್ಕ ಹೊಸ ಮನೆ, ಶಾಲೆ ಎದ್ದಿದ್ದರೆ ನೀರು ನುಗ್ಗುವ ಜಾಗದ ನಕ್ಷೆಯನ್ನೂ ತಿದ್ದಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಯೋಜನೆಯನ್ನು ಆಗಾಗ ಪರಿಷ್ಕರಿಸಬೇಕು ಎನ್ನುತ್ತದೆ.

ನನ್ನ ಪ್ರಕಾರ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮುಂಚೆ, ಪಟ್ಟಿಯ ಪ್ರತಿ ನಂಬರಿಗೂ ಒಮ್ಮೆ ಕರೆ ಮಾಡಿ ನೋಡಬೇಕು. ಸೈರನ್ ಸುಮ್ನೆ ಊದಿಸಿದರೆ ಆಗಲಿಲ್ಲ. ಕೆಳಗಿನ ಊರಿನ ಕೊನೆ ಮನೆಯವರಿಗೆ ಅದು ಕೇಳಿಸಿತಾ ಅಂತ ಹೋಗಿ ವಿಚಾರಿಸಬೇಕು.